ತಂಗಿಯ ಮದುವೆಯಲ್ಲಿ ಅಮ್ಮ ಹಸೆಯ ಹತ್ತಿರ ಬರುವುದಿಲ್ಲ ಎನ್ನುತ್ತಿದ್ದಾರೆ. ನಾನು ಒತ್ತಾಯ ಮಾಡಬಹುದೇ?

ಕೊಬ್ಬರಿನಾಡು (ಚರ್ಚೆ ಆರಂಭಿಸಿದವರು)

ನಾವು ತಿಪಟೂರು ಕಡೆಯವರು. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ತಂಗಿಯ ಮದುವೆ ಬರುವ ಮಾಘದಲ್ಲಿ ಗೊತ್ತಾಗಿದೆ. ಗಂಡು ನೋಡಿದ್ದು ಅಮ್ಮ. ಗಂಡಿನ ಮನೆಯವರೊಂದಿಗೆ ಮಾತನಾಡಿದ್ದು ಅಮ್ಮ. ಎರಡು ವರ್ಷದಿಂದ ತೋಟ ನೋಡಿಕೊಂಡು, ಕೊಬ್ಬರಿ ಮಾರಿ, ಸಾಲದ ಕಾಗದಕ್ಕೆ ಸಹಿ ಹಾಕಿ ಈ ಮದುವೆಗೆ ದುಡ್ಡು ಹೊಂದಿಸಿದ್ದೂ ಅಮ್ಮನೇ.

ಈಗ ಶಾಸ್ತ್ರಗಳ ಪಟ್ಟಿ ಮಾಡಲು ಕುಳಿತಾಗ ಗೊತ್ತಾಯಿತು, ಅದರಲ್ಲಿ ಎಲ್ಲಿಯೂ ಅಮ್ಮ ಇಲ್ಲ. ಅರಿಶಿನ ಹಚ್ಚಲು ಐವರು ಮುತ್ತೈದೆಯರು. ಬಳೆ ತೊಡಿಸುವಾಗ ದೊಡ್ಡಮ್ಮ. ಧಾರೆ ಎರೆಯಲು ಸೋದರಮಾವ ಮತ್ತು ಅತ್ತೆ. ಮಡಲಕ್ಕಿ ತುಂಬಲು ಮತ್ತೆ ದೊಡ್ಡಮ್ಮ. "ನೀನು?" ಎಂದು ಕೇಳಿದರೆ ಅಮ್ಮ, "ನಾನು ಒಳಗೆ ಅಡುಗೆಯವರ ಮೇಲ್ವಿಚಾರಣೆ ನೋಡಿಕೊಳ್ಳುತ್ತೇನೆ, ನೀವು ಮಾಡಿಕೊಳ್ಳಿ" ಎಂದರು. ತಂಗಿ ಅಳುತ್ತಾ ಎದ್ದು ಹೋದಳು.

ನನ್ನ ಕಷ್ಟ ಇಷ್ಟೇ. ಯಾರೂ ಅಮ್ಮನನ್ನು ತಡೆಯುತ್ತಿಲ್ಲ. ಅವರೇ ಬೇಡ ಎನ್ನುತ್ತಿದ್ದಾರೆ. ಕುಂಕುಮ ಇಟ್ಟುಕೊಳ್ಳಿ ಎಂದು ನಾನು ಹಿಂದೆ ಬಿದ್ದರೆ, ಅಂದು ಅದನ್ನು ಅಳಿಸಿದವರಿಗೂ ನನಗೂ ಏನು ವ್ಯತ್ಯಾಸ? ಇಬ್ಬರೂ ಅವರ ಹಣೆಯ ಮೇಲೆ ನಮ್ಮ ಇಷ್ಟವನ್ನೇ ಬರೆದಂತಾಗುವುದಿಲ್ಲವೇ? ಹಾಗೆಂದು ಸುಮ್ಮನಿರಲೂ ಮನಸ್ಸು ಒಪ್ಪುತ್ತಿಲ್ಲ. ಇಂಥದ್ದನ್ನು ದಾಟಿ ಬಂದವರು ಹೇಳಿ.

ಮಲ್ಲಿಗೆದಂಡೆ

ಹೂವು, ಕುಂಕುಮ, ಬಳೆ ಹುಟ್ಟಿದಂದಿನಿಂದ ಬಂದವು. ತೊಟ್ಟಿಲ ಮಗುವಿಗೂ ಹಣೆಗೆ ಇಟ್ಟು ಕೈಗೆ ಬಳೆ ಹಾಕುತ್ತೇವೆ. ಗಂಡನಿಂದ ಬಂದದ್ದು ತಾಳಿ ಮತ್ತು ಕಾಲುಂಗುರ. ಅವನು ಕೊಡದೇ ಇದ್ದದ್ದನ್ನು ಅವನು ಹೋದಾಗ ಕಿತ್ತುಕೊಳ್ಳುವುದು ಯಾವ ನ್ಯಾಯ? ಈ ಮಾತನ್ನು ನಮ್ಮ ಅಜ್ಜಿಯೇ ಹೇಳುತ್ತಿದ್ದರು, ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ.

ಕೃಷ್ಣಾತೀರ

ನಾನು ಚಿಕ್ಕೋಡಿ ಕಡೆಯವನು. ಗಡಿ ದಾಟಿದರೆ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕು. ಅಲ್ಲಿನ ಹೇರವಾಡ ಎಂಬ ಊರಿನ ಗ್ರಾಮಸಭೆ 2022ರ ಮೇ ತಿಂಗಳಲ್ಲಿ ಠರಾವು ಮಾಡಿತು: ನಮ್ಮ ಊರಿನಲ್ಲಿ ಇನ್ನು ಮುಂದೆ ಗಂಡ ಸತ್ತವಳ ಬಳೆ ಒಡೆಯುವುದಿಲ್ಲ, ಕುಂಕುಮ ಅಳಿಸುವುದಿಲ್ಲ, ತಾಳಿ ತೆಗೆಯುವುದಿಲ್ಲ, ಕಾಲುಂಗುರ ಕೀಳುವುದಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರು ತೀರಿಕೊಂಡು ನೂರು ವರ್ಷ ತುಂಬಿದ ಸಂದರ್ಭ ಅದು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯಿತಿಗಳೂ ಇದನ್ನು ಅನುಸರಿಸಲಿ ಎಂದು ಸುತ್ತೋಲೆ ಹೊರಡಿಸಿತು.

ನಮ್ಮ ಓಣಿಯಲ್ಲಿ ಈ ಸುದ್ದಿ ಬಂದಾಗ ಹಿರಿಯರು ಮುಖ ಸಿಂಡರಿಸಿದರು. ಆದರೆ ಮರುವರ್ಷ ನನ್ನ ಚಿಕ್ಕಪ್ಪ ತೀರಿಕೊಂಡಾಗ ಚಿಕ್ಕಮ್ಮನ ಬಳೆಗೆ ಯಾರೂ ಕೈ ಹಾಕಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು, ಅಷ್ಟೇ. ಒಂದು ಊರು ಬಾಯಿ ಬಿಟ್ಟು ಹೇಳಿದರೆ ಪಕ್ಕದ ಊರಿಗೆ ಸುಮ್ಮನಿರುವ ಧೈರ್ಯ ಬರುತ್ತದೆ.

ನೇರನುಡಿ

ಕೊಬ್ಬರಿನಾಡು ಅವರೇ, ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರವಿದೆ. ತಾಯಿ ಬೇಡ ಎಂದಿದ್ದಾರೆ. ಮುಗಿಯಿತು. ಹೆಣ್ಣಿನ ಆಯ್ಕೆಗೆ ಬೆಲೆ ಕೊಡಬೇಕು ಎಂದು ಎಲ್ಲರೂ ಹೇಳುತ್ತೀರಿ. ಅವಳು ಸಂಪ್ರದಾಯವನ್ನು ಆರಿಸಿಕೊಂಡ ಕೂಡಲೇ ಅದು ಆಯ್ಕೆಯಲ್ಲ, ಅಜ್ಞಾನ ಎನ್ನುತ್ತೀರಿ. ನನ್ನ ತಾಯಿ ಹದಿನೆಂಟು ವರ್ಷ ಬಿಳಿ ಸೀರೆಯಲ್ಲೇ ಇದ್ದರು. ಅಪ್ಪನ ನೆನಪನ್ನು ಹೊತ್ತ ರೀತಿ ಅದು. ಅವರಿಗೆ ಯಾರೂ ಹೇಳಿರಲಿಲ್ಲ. ಅವರನ್ನು ಪಾಪ ಎಂದು ನೋಡಿದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಮಲ್ಲಿಗೆದಂಡೆ

@ನೇರನುಡಿ, ನಿಮ್ಮ ತಾಯಿಯವರ ಬಗ್ಗೆ ಯಾರೂ ಹಗುರವಾಗಿ ಮಾತನಾಡುತ್ತಿಲ್ಲ. ಆದರೆ ಒಂದು ಮಾತು ಕೇಳುತ್ತೇನೆ. ಹೆಂಡತಿ ತೀರಿಕೊಂಡ ಗಂಡಸು ಅವಳ ನೆನಪಿಗೆ ಏನನ್ನು ತೆಗೆದಿಡುತ್ತಾನೆ? ವರ್ಷ ತುಂಬುವುದರೊಳಗೆ ಅವನಿಗೆ ಹೆಣ್ಣು ನೋಡುತ್ತಾರೆ.

ಕಾಫಿಹೂವು

ನಾವು ಕೊಡವರು. ನಮ್ಮ ಮದುವೆಯಲ್ಲಿ ಪುರೋಹಿತರಿಲ್ಲ, ಹೋಮವಿಲ್ಲ. ಮುಹೂರ್ತದಲ್ಲಿ ದೀಪದ ಮುಂದೆ ಮುಕ್ಕಾಲಿಯ ಮೇಲೆ ಕುಳಿತವರಿಗೆ ಅಕ್ಕಿ ಹಾಕಿ, ಕಿಂಡಿ ಎಂಬ ಕೊಳವೆಯ ಚೊಂಬಿನಿಂದ ಹಾಲು ಕುಡಿಸಿ, ಕೈಗೆ ನಾಣ್ಯ ಕೊಟ್ಟು ಹರಸುತ್ತಾರೆ. ಮೊದಲು ಹರಸುವವಳು ತಾಯಿ. ಅವಳು ವಿಧವೆಯಾಗಿದ್ದರೂ ಅವಳೇ ಮೊದಲು. ನನ್ನ ಮದುವೆಯಲ್ಲಿ ಹಾಗೆಯೇ ಆಯಿತು. ಅಪ್ಪ ಇರಲಿಲ್ಲ. ಅವ್ವನ ಕೈ ನಡುಗುತ್ತಿತ್ತು, ಹಾಲು ನನ್ನ ಸೀರೆಯ ಮೇಲೆ ಚೆಲ್ಲಿತು. ಬೆಂಗಳೂರಿನಿಂದ ಬಂದಿದ್ದ ನನ್ನ ಗೆಳತಿ ಅದನ್ನು ನೋಡಿ ಅಳುತ್ತಿದ್ದಳು, ನನಗೆ ಯಾಕೆಂದು ಆಗ ಅರ್ಥವಾಗಲಿಲ್ಲ. ಆಮೇಲೆ ಹೇಳಿದಳು, ಅವಳ ಅಮ್ಮ ಅವಳ ಮದುವೆಯನ್ನು ಛತ್ರದ ಕೋಣೆಯ ಕಿಟಕಿಯಿಂದ ನೋಡಿದ್ದರಂತೆ.

ವಕೀಲರಮೇಜು

ಒಂದು ತಿದ್ದುಪಡಿ. ಹೇರವಾಡದ್ದು ಕಾನೂನು ಎಂದು ಯಾರಾದರೂ ತಿಳಿದುಕೊಂಡಾರು. ಅದು ಗ್ರಾಮಸಭೆಯ ಠರಾವು, ಸರ್ಕಾರದ್ದು ಸುತ್ತೋಲೆ. ಕರ್ನಾಟಕದಲ್ಲಿ 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆ ಇದೆ, 2020ರಿಂದ ಜಾರಿಯಲ್ಲಿದೆ. ಮುಟ್ಟಾದ ಹೆಂಗಸರನ್ನು ಊರ ಹೊರಗೆ ಇರಿಸುವಂಥದ್ದನ್ನು ಅದು ಅಪರಾಧ ಎನ್ನುತ್ತದೆ. ಧಾರೆಯ ಹೊತ್ತಿಗೆ ತಾಯಿ ಎಲ್ಲಿ ನಿಂತಿದ್ದಾಳೆ ಎಂದು ನೋಡಲು ಪೊಲೀಸರು ಬರುವುದಿಲ್ಲ.

ಕಾನೂನು ಮಾಡಿದ್ದು ಬೇರೆ ಕೆಲಸ. 1856ರಲ್ಲಿ ವಿಧವೆಗೆ ಮರುಮದುವೆ ಆಗಬಹುದು ಎಂದಿತು, ಆದರೆ ಮರುಮದುವೆಯಾದರೆ ಮೊದಲ ಗಂಡನ ಆಸ್ತಿಯ ಮೇಲಿನ ಹಕ್ಕು ಹೋಗುತ್ತದೆ ಎಂದೂ ಬರೆಯಿತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳಿಗೆಂದು ಕಾಯ್ದೆ ತಂದಿತು. 1956ರ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹೆಂಡತಿಗೆ ಮಕ್ಕಳಷ್ಟೇ ಪಾಲು, ಅದೂ ಜೀವನಾಂಶಕ್ಕೆಂದು ಅಲ್ಲ, ಪೂರ್ಣ ಒಡೆತನ. ಕೊಬ್ಬರಿನಾಡು ಅವರೇ, ಸಂದರ್ಭ ಬಂತೆಂದು ಕೇಳುತ್ತಿದ್ದೇನೆ: ತೋಟದ ಪೌತಿ ಖಾತೆಯಲ್ಲಿ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಖಾತೆ) ಅಮ್ಮನ ಹೆಸರು ಸೇರಿದೆಯೇ?

ಕೊಬ್ಬರಿನಾಡು

ಸೇರಿದೆ. ಅಮ್ಮ, ನಾನು, ತಂಗಿ ಮೂವರ ಹೆಸರಿಗೂ ಆಗಿದೆ. ಖಾತೆಯಲ್ಲಿ ಹೆಸರು ಬರೆಸಲು ಅಮ್ಮ ಆರು ಬಾರಿ ನಾಡಕಚೇರಿಗೆ ಓಡಾಡಿದರು, ಒಂದು ದಿನವೂ ಹಿಂಜರಿಯಲಿಲ್ಲ. ಹಸೆಯ ಹತ್ತಿರ ಮಾತ್ರ ಹಿಂಜರಿಯುತ್ತಿದ್ದಾರೆ.

ಪಂಚಾಂಗದಮನೆ

ನಾನು ಪೌರೋಹಿತ್ಯ ಮಾಡುವವನು, ಇಪ್ಪತ್ತಾರು ವರ್ಷದಿಂದ. ಶಾಸ್ತ್ರದಲ್ಲಿ ಹಾಗಿದೆ, ಹೀಗಿದೆ ಎಂದು ಹೇಳುವ ದೊಡ್ಡಮ್ಮಂದಿರಿಗೆ ಒಂದು ವಿಷಯ ಹೇಳಬೇಕು. ಕನ್ಯೆಯನ್ನು ಯಾರು ಕೊಡಬಹುದು ಎಂದು ಯಾಜ್ಞವಲ್ಕ್ಯ ಸ್ಮೃತಿ ಸರದಿ ಹೇಳುತ್ತದೆ: ತಂದೆ, ಅಜ್ಜ, ಅಣ್ಣತಮ್ಮ, ಕುಲದವರು, ಆಮೇಲೆ ತಾಯಿ. ಮೊದಲಿನವರು ಇಲ್ಲದಿದ್ದರೆ ನಂತರದವರು. ಆ ಸರದಿಯಲ್ಲಿ ತಾಯಿ ಕೊನೆಯಲ್ಲಿದ್ದಾಳೆ, ಅದು ನಿಜ. ಆದರೆ ಇದ್ದಾಳೆ. ತಂದೆ ಇಲ್ಲದೆ ತಾಯಿಯ ಸರದಿ ಬರುವುದು ಹೇಗೆ? ಅವಳು ಬಹುಪಾಲು ವಿಧವೆಯೇ ಆಗಿರಬೇಕಲ್ಲವೇ? ಅಂದರೆ ವಿಧವೆಯ ಕೈಯನ್ನು ಅಮಂಗಳ ಎಂದು ಸ್ಮೃತಿಕಾರನೇ ತಳ್ಳಿಹಾಕಲಿಲ್ಲ. ಸೋದರಮಾವನ ಹೆಸರೇ ಅಲ್ಲಿಲ್ಲ ಎಂಬುದನ್ನೂ ಗಮನಿಸಿ.

ನಾನು ಈ ಮಾತನ್ನು ಮೊದಲ ಹತ್ತು ವರ್ಷ ಯಾರಿಗೂ ಹೇಳಲಿಲ್ಲ. ಮನೆಯವರು ಹೇಳಿದಂತೆ ಮಾಡಿಸಿ ಬರುತ್ತಿದ್ದೆ. ಒಮ್ಮೆ ಒಂದು ಮನೆಯಲ್ಲಿ ತಾಯಿ ಕಂಬದ ಹಿಂದೆ ನಿಂತು ಮಾಂಗಲ್ಯಧಾರಣೆ ನೋಡುತ್ತಿದ್ದರು. ನಾನು ಮಂತ್ರ ಹೇಳುತ್ತಲೇ ಇದ್ದೆ. ಅದು ನನ್ನನ್ನು ಬಿಟ್ಟಿಲ್ಲ.

ನೇರನುಡಿ

ಭಟ್ಟರೇ, ತಮಗೆ ಅನುಕೂಲವಾದ ಸಾಲು ಎತ್ತಿ ಹೇಳುತ್ತಿದ್ದೀರಿ. ಅದೇ ಗ್ರಂಥಗಳಲ್ಲಿ ವಿಧವೆಯ ನಿಯಮಗಳೂ ಇವೆ.

ಪಂಚಾಂಗದಮನೆ

ಇವೆ, ಇಲ್ಲ ಎನ್ನುವುದಿಲ್ಲ. ತಲೆ ಬೋಳಿಸಬೇಕು ಎನ್ನುವ ವಚನಗಳೂ ಸಿಗುತ್ತವೆ. ಅದನ್ನು ನಮ್ಮ ಅಜ್ಜಂದಿರ ಕಾಲದಲ್ಲಿ ಬಿಟ್ಟೆವು, ಧರ್ಮ ಮುಳುಗಲಿಲ್ಲ. ಅಷ್ಟನ್ನು ಬಿಟ್ಟವರು ಇಷ್ಟನ್ನು ಯಾಕೆ ಹಿಡಿದುಕೊಂಡಿದ್ದೇವೆ ಎಂಬುದು ನನ್ನ ಪ್ರಶ್ನೆ.

ಪದಮೂಲ

ತಲೆ ಬೋಳಿಸುವ ಮಾತು ಬಂದದ್ದರಿಂದ ಹೇಳುತ್ತೇನೆ. ನಾವು ಬೈಗುಳವಾಗಿ ಬಳಸುವ 'ಮುಂಡೆ' ಎಂಬ ಮಾತು ಅಲ್ಲಿಂದಲೇ ಬಂದದ್ದು, ಮುಂಡನ ಮಾಡಿಸಿಕೊಂಡವಳು ಎಂದು. ಗಂಡಸರ ಜಗಳದಲ್ಲಿಯೂ ಬೈಗುಳ ಬೀಳುವುದು ಆ ಹೆಂಗಸಿನ ಮೇಲೆ, ಅವಳ ಮಗ ಎಂದು. ಇನ್ನು ಹರಕೆಯನ್ನು ನೋಡಿ: 'ದೀರ್ಘ ಸುಮಂಗಲೀ ಭವ'. ಕೇಳಲು ಹಿತ. ಬಿಡಿಸಿ ನೋಡಿದರೆ ಗಂಡನಿಗಿಂತ ಮೊದಲು ಸಾಯಿ ಎಂದೇ ಅರ್ಥ. ಕಾಲಿಗೆ ಬಿದ್ದ ಹುಡುಗಿಗೆ ನಾನು ಈಗ "ನೂರು ವರ್ಷ ಬಾಳು" ಎನ್ನುತ್ತೇನೆ.

ಕೃಷ್ಣಾತೀರ

ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಮುತ್ತೈದೆಯ ಹೆಸರಿನ ಹಿಂದೆ 'ಸೌ.' ಎಂದು ಹಾಕುತ್ತಾರೆ, ಸೌಭಾಗ್ಯವತಿ ಎಂದು. ಮರಾಠಿ ಪತ್ರಿಕೆಗಳಲ್ಲಿ ವಿಧವೆಗೆ 'ಗಂ.ಭಾ.', ಗಂಗಾಭಾಗೀರಥಿ. ಹೆಸರು ಓದುವ ಮೊದಲೇ ಅವಳ ಗಂಡ ಇದ್ದಾನೋ ಇಲ್ಲವೋ ಗೊತ್ತಾಗಬೇಕು! ಗಂಡಸಿನ ಹೆಸರಿನ ಹಿಂದೆ 'ಶ್ರೀ' ಮಾತ್ರ, ಅವನ ಹೆಂಡತಿ ಇದ್ದರೂ ಹೋದರೂ.

ಬಹಮನಿಗಲ್ಲಿ

ನಾನು ಕಲಬುರಗಿಯ ಮುಸ್ಲಿಂ ಹೆಣ್ಣುಮಗಳು. ಇದು ನಿಮ್ಮಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಗಂಡ ತೀರಿಕೊಂಡವಳಿಗೆ ಇದ್ದತ್, ಅಂದರೆ ಕಾಯುವ ಅವಧಿ, ನಾಲ್ಕು ತಿಂಗಳು ಹತ್ತು ದಿನ. ಕುರ್‌ಆನ್ ಹೇಳುವುದು ಅಷ್ಟೇ. ಅದು ಮುಗಿದ ಮೇಲೆ ಅವಳು ಬಣ್ಣದ ಬಟ್ಟೆ ಉಡಬಹುದು, ಮದುವೆಯಾಗಬಹುದು. ಪ್ರವಾದಿಯವರನ್ನು ಮದುವೆಯಾದಾಗ ಖದೀಜಾ ಅವರೇ ವಿಧವೆ, ವ್ಯಾಪಾರ ನಡೆಸುತ್ತಿದ್ದವರು. ಆದರೆ ನಮ್ಮ ಮನೆಗಳಲ್ಲಿ ಆಗುವುದೇನು? ಲಚ್ಛಾ ಎಂಬ ಕರಿಮಣಿ ಸರ ತೆಗೆಯುತ್ತಾರೆ, ಗಾಜಿನ ಬಳೆ ತೆಗೆಯುತ್ತಾರೆ. ನನ್ನ ಅಕ್ಕನ ಹಳದಿ ಶಾಸ್ತ್ರದಲ್ಲಿ ಫೂಫಿಯನ್ನು (ಸೋದರತ್ತೆಯನ್ನು) ಅರಿಶಿನದ ತಟ್ಟೆಯ ಹತ್ತಿರ ಬಿಡಲಿಲ್ಲ. ಧರ್ಮ ಹೇಳದಿದ್ದರೂ ಓಣಿ ಹೇಳುತ್ತದೆ. ಓಣಿಯ ಮಾತಿಗೆ ಜಾತಿ ಧರ್ಮ ಇಲ್ಲ.

ಹೊಸಗಾಳಿ

@ಬಹಮನಿಗಲ್ಲಿ, ಹಾಗಾದರೆ ಹಿಜಾಬಿನ ಬಗ್ಗೆ ಏನು ಹೇಳುತ್ತೀರಿ? ಅದೂ ಓಣಿಯ ಮಾತೇ ತಾನೇ?

ಬಹಮನಿಗಲ್ಲಿ

ಕೇಳುತ್ತೀರಿ ಎಂದು ಗೊತ್ತಿತ್ತು. ಹೇಳುತ್ತೇನೆ. ನಾನು ತಲೆಗೆ ಬಟ್ಟೆ ಹಾಕುತ್ತೇನೆ, ನನ್ನ ತಂಗಿ ಹಾಕುವುದಿಲ್ಲ. ಅವಳಿಗೆ ಹಾಕು ಎಂದು ಹೆದರಿಸಿದ ಸಂಬಂಧಿಕರೊಂದಿಗೆ ನಾನೇ ಜಗಳವಾಡಿದ್ದೇನೆ. 2022ರ ಫೆಬ್ರುವರಿಯಲ್ಲಿ ಸರ್ಕಾರದ ಆದೇಶ ಬಂದಾಗ ನಮ್ಮ ಓಣಿಯ ಹುಡುಗಿಯೊಬ್ಬಳು ಕಾಲೇಜು ಬಿಟ್ಟಳು. ಮಾರ್ಚ್‌ನಲ್ಲಿ ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಬರೆದರು. ಒಬ್ಬರು ಸರಿ ಎಂದರು, ಒಬ್ಬರು ತಪ್ಪು ಎಂದರು. ಈ ನಡುವೆ ಆ ಹುಡುಗಿಯ ಓದು ನಿಂತಿತು, ಮದುವೆಯಾಯಿತು. ಹಾಕು ಎಂದವರೂ ತೆಗೆ ಎಂದವರೂ ಅವಳಿಗೆ ಏನು ಓದಬೇಕೆಂದಿದೆ ಎಂದು ಕೇಳಲಿಲ್ಲ. ನನಗೆ ಹೊಟ್ಟೆ ಉರಿಯುವುದು ಅಲ್ಲಿ.

ಹೊಸಗಾಳಿ

ಸಮವಸ್ತ್ರ ಎಂದರೆ ಸಮವಸ್ತ್ರ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಶಬರಿಮಲೆಯ ತೀರ್ಪನ್ನೂ ಇಲ್ಲಿಗೆ ಎಳೆದು ತರುತ್ತೀರಿ ಇನ್ನು.

ಜಗಲಿ ನಿರ್ವಾಹಕ

ಹಿಜಾಬ್, ಶಬರಿಮಲೆ ಎರಡಕ್ಕೂ ಬೇರೆ ಚರ್ಚೆಗಳಿವೆ, ಅಲ್ಲಿ ಮುಂದುವರಿಸಿ. ಇಲ್ಲಿ ಒಬ್ಬ ಮಗಳು ತಾಯಿಯ ಬಗ್ಗೆ ಕೇಳಿದ್ದಾರೆ.

ಕಡಲಮಗಳು

ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರವನ್ನು ಯಾರೂ ಹೇಳಲಿಲ್ಲವಲ್ಲ! ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ದೇವಸ್ಥಾನ, ಬೇರೆ ದೇವಸ್ಥಾನಗಳ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಿಗೆಂದು ಕಟ್ಟಿದ್ದು. ಅಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ಮಾಡಿದರು. ವಿಧವೆಯರು ರಥವನ್ನೂ ಎಳೆದಿದ್ದಾರೆ. ನನ್ನ ಅತ್ತೆ ಹೋಗಿದ್ದರು. ಮನೆಗೆ ಬಂದು ಅಂಗೈ ತೋರಿಸಿದರು, ಹಗ್ಗ ಉಜ್ಜಿ ಕೆಂಪಾಗಿತ್ತು. ಎರಡು ದಿನ ಎಲ್ಲರಿಗೂ ಅದನ್ನೇ ತೋರಿಸುತ್ತಿದ್ದರು.

ದೂರತೀರ

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಊರು ಬಿಟ್ಟು ಇಷ್ಟು ದೂರ ಬಂದರೂ ಇದು ಬಿಟ್ಟಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಕರೆಯುವಾಗ ಒಬ್ಬರನ್ನು ಬಿಟ್ಟು ಉಳಿದವರನ್ನೆಲ್ಲ ಕರೆದದ್ದನ್ನು ಕಂಡಿದ್ದೇನೆ. ಆಕೆಗೆ ಮೂವತ್ತೆಂಟು ವರ್ಷ. ಹೊರಗೆ ಮಕ್ಕಳು ಆಡುತ್ತಿದ್ದಾಗ ಆಕೆಯ ಮಗಳು ಕೇಳಿದಳಂತೆ, ನಮ್ಮನ್ನು ಯಾಕೆ ಕರೆಯಲಿಲ್ಲ ಎಂದು. ಮರುವರ್ಷದಿಂದ ನಾನು ನನ್ನ ಮನೆಯ ಮೊದಲ ತಾಂಬೂಲವನ್ನು ಆಕೆಗೇ ಕೊಡುತ್ತಿದ್ದೇನೆ. ಇಬ್ಬರು ಬರುವುದು ನಿಲ್ಲಿಸಿದರು. ನಿಲ್ಲಿಸಲಿ.

ಅರಳಿಕಟ್ಟೆ

ನಾನು ಧಾರವಾಡದ ನಿವೃತ್ತ ಶಿಕ್ಷಕಿ. ವಯಸ್ಸು ಅರವತ್ತೆರಡು. ಯಜಮಾನರು ಹೋಗಿ ಹನ್ನೊಂದು ವರ್ಷ. ಇಲ್ಲಿ ಎಲ್ಲರೂ ನಮ್ಮ ಬಗ್ಗೆ ಮಾತನಾಡುತ್ತಿದ್ದೀರಿ, ನಾನೂ ನಾಲ್ಕು ಮಾತು ಹೇಳುತ್ತೇನೆ.

ನನ್ನ ಬಳೆಗಳನ್ನು ಯಾರೂ ಬಲವಂತವಾಗಿ ಒಡೆಯಲಿಲ್ಲ. ಹತ್ತನೆಯ ದಿನ ಓಣಿಯ ಹೆಂಗಸರು ಬಂದು ಸುತ್ತ ಕುಳಿತರು. ಒಬ್ಬರೂ ಮಾತನಾಡಲಿಲ್ಲ. ಕಾಯುತ್ತಿದ್ದರು. ನಾನೇ ಕೈ ಮುಂದೆ ಚಾಚಿದೆ. ಯಾರಾದರೂ ಕೇಳಿದರೆ ನಾನೂ ನನ್ನ ಇಷ್ಟ ಎಂದೇ ಹೇಳುತ್ತಿದ್ದೆ, ಹೇಳಿದ್ದೇನೆ ಕೂಡ. ಮಗಳ ಕುಬಸದ ದಿನ ಉಡಿ ತುಂಬುವಾಗ ನಾನು ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಾ ಕುಳಿತೆ. ಮಗಳು ಕರೆದಳು, "ನನಗೆ ಬೇಡವ್ವ, ನೀವು ಮಾಡಿರಿ" ಎಂದೆ. ಅವಳು ನನ್ನ ಆಯ್ಕೆಗೆ ಗೌರವ ಕೊಟ್ಟಳು. ನಾನು ಬೇಡ ಎಂದದ್ದು ಹೆದರಿ. ಹೊಟ್ಟೆಯಲ್ಲಿರುವ ಕೂಸಿಗೆ ಏನಾದರೂ ಆದರೆ ಎಲ್ಲರೂ ನನ್ನ ಕಡೆ ನೋಡುತ್ತಾರೆ ಎಂಬ ಹೆದರಿಕೆ. ಇನ್ನೂ ನಿಜ ಹೇಳಬೇಕೆಂದರೆ, ನಾನೇ ನನ್ನ ಕಡೆ ಹಾಗೆ ನೋಡಿಕೊಳ್ಳುತ್ತೇನೆ ಎಂಬ ಹೆದರಿಕೆ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವಳು ನಾನು.

ನೇರನುಡಿ ಅವರೇ, ನಿಮ್ಮ ತಾಯಿ ಬೇರೆ ಇದ್ದಿರಬಹುದು. ಅವರ ಬಿಳಿ ಸೀರೆಗೆ ಕೈ ಮುಗಿಯುತ್ತೇನೆ. ಆದರೆ ಕೊಬ್ಬರಿನಾಡಿನ ಮಗಳೇ, ಅಮ್ಮನಿಗೆ "ಬಾ" ಎಂದೂ ಹೇಳಬೇಡ, "ನಿನ್ನಿಷ್ಟ" ಎಂದೂ ಹೇಳಬೇಡ. ಏನು ಹೆದರಿಕೆ ಎಂದು ಕೇಳು. ರಾತ್ರಿ ಕೇಳು, ಬೇರೆ ಯಾರೂ ಇಲ್ಲದಾಗ. ಉತ್ತರ ಬರುವವರೆಗೆ ಎದ್ದು ಹೋಗಬೇಡ.

ಕಾಫಿಹೂವು

ಅರಳಿಕಟ್ಟೆ ಅಮ್ಮ, ಇದನ್ನು ಓದಿ ನನ್ನ ಅವ್ವನಿಗೆ ಫೋನ್ ಮಾಡಿದೆ.

ನೇರನುಡಿ

ಅರಳಿಕಟ್ಟೆಯವರೇ, ನಾನು ನನ್ನ ತಾಯಿಯನ್ನು ಎಂದೂ ಕೇಳಿರಲಿಲ್ಲ. ಈಗ ಕೇಳಲು ಅವರಿಲ್ಲ. ಒತ್ತಾಯ ಕೂಡದು ಎಂಬ ನನ್ನ ಮಾತು ಹಾಗೆಯೇ ಇದೆ. ಕೇಳುವುದಕ್ಕೆ ನನ್ನ ಅಡ್ಡಿಯಿಲ್ಲ.

ಕೊಬ್ಬರಿನಾಡು

ನಾಲ್ಕು ದಿನ ಬರೆಯಲಾಗಲಿಲ್ಲ, ಕ್ಷಮಿಸಿ. ಅರಳಿಕಟ್ಟೆ ಅಮ್ಮ ಹೇಳಿದಂತೆ ಮಾಡಿದೆ. ಶನಿವಾರ ರಾತ್ರಿ ಜಗಲಿಯಲ್ಲಿ ಅಮ್ಮನ ಪಕ್ಕ ಮಲಗಿ ಕೇಳಿದೆ. ಮೊದಲು "ಏನೂ ಇಲ್ಲ, ಮಲಗು" ಎಂದರು. ನಾನು ಮಲಗಲಿಲ್ಲ. ಬಹಳ ಹೊತ್ತಿನ ಮೇಲೆ ಅಮ್ಮ ಹೇಳಿದ್ದು: ಅಪ್ಪ ತೀರಿಕೊಂಡ ವರ್ಷ ಪಕ್ಕದ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದರಂತೆ. ಹಾಲು ಉಕ್ಕಿಸುವಾಗ ಪಾತ್ರೆ ಮಗುಚಿತಂತೆ. ಯಾರೂ ಏನೂ ಅನ್ನಲಿಲ್ಲವಂತೆ, ಇಬ್ಬರು ಹೆಂಗಸರು ತಿರುಗಿ ಅಮ್ಮನನ್ನು ನೋಡಿದರಂತೆ. ಅಷ್ಟೇ. "ಅವರು ನೋಡಿದ್ದನ್ನು ತಡೆದುಕೊಂಡೆ. ನಾಳೆ ಅವಳ ಸಂಸಾರದಲ್ಲಿ ಒಂದು ಹೆಚ್ಚುಕಡಿಮೆ ಆಗಿ ಅವಳೇ ನನ್ನನ್ನು ಹಾಗೆ ನೋಡಿದರೆ ತಡೆದುಕೊಳ್ಳಲು ಆಗುವುದಿಲ್ಲ" ಎಂದರು.

ತಂಗಿ ಒಳಗೆ ನಿದ್ದೆ ಮಾಡಿಲ್ಲ, ಎಲ್ಲ ಕೇಳಿಸಿಕೊಂಡಿದ್ದಾಳೆ. ಹೊರಗೆ ಬಂದು ಅಮ್ಮನ ಮಡಿಲಲ್ಲಿ ತಲೆ ಇಟ್ಟು ಮಲಗಿದಳು. ಮಾತು ಆಡಲಿಲ್ಲ. ಬೆಳಿಗ್ಗೆ ಅಮ್ಮ ಕಾಫಿ ಕೊಡುತ್ತಾ, "ಧಾರೆಗೆ ನಿಲ್ಲುತ್ತೇನೆ. ಕುಂಕುಮ ಬೇಡ, ಅದು ನನಗೆ ನಿಜವಾಗಿಯೂ ಬೇಡ, ಅದರ ತಂಟೆಗೆ ಬರಬೇಡಿ" ಎಂದರು. ನಾವು ಬರುವುದಿಲ್ಲ ಎಂದೆವು.

ಮಲ್ಲಿಗೆದಂಡೆ

ಕುಂಕುಮ ಬೇಡ ಎಂದದ್ದು ನನಗೆ ಇನ್ನೂ ಒಂದಿಷ್ಟು ಚುಚ್ಚುತ್ತದೆ. ಆದರೆ ಅದು ನನ್ನ ಹಣೆಯಲ್ಲ. ಹೂವು ಮುಡಿಯುತ್ತಾರೆಯೇ?

ಕೊಬ್ಬರಿನಾಡು

ಕೇಳಿಲ್ಲ. ಒಂದೇ ಬಾರಿಗೆ ಎಲ್ಲವನ್ನೂ ಕೇಳುವ ಧೈರ್ಯ ನನಗಿಲ್ಲ. ದೊಡ್ಡಮ್ಮ ಮಾತ್ರ ಮುನಿಸಿಕೊಂಡಿದ್ದಾರೆ. ಗಂಡಿನ ಕಡೆಯವರಿಗೆ ಏನು ಹೇಳುವುದು ಎಂಬ ಚಿಂತೆಯೂ ಇದೆ.

ಪಂಚಾಂಗದಮನೆ

ಗಂಡಿನ ಕಡೆಯವರಿಗೆ ನಿಮ್ಮ ಪುರೋಹಿತರ ಬಾಯಲ್ಲಿ ಹೇಳಿಸಿ, ಮದುವೆಯ ದಿನವಲ್ಲ, ಈಗಲೇ. ಪುರೋಹಿತರು ಒಪ್ಪದಿದ್ದರೆ ಯಾಜ್ಞವಲ್ಕ್ಯ ಸ್ಮೃತಿಯ ಆಚಾರಾಧ್ಯಾಯದ ವಿವಾಹ ಪ್ರಕರಣ ನೋಡಿ ಎನ್ನಿ. ಇನ್ನು ಧಾರೆಯ ಏರ್ಪಾಡು: ತೆಂಗಿನಕಾಯಿ ಇಟ್ಟ ಕೈಗಳನ್ನು ಸೋದರಮಾವ ಹಿಡಿಯಲಿ, ಚೊಂಬಿನಿಂದ ಹಾಲು ತಾಯಿ ಎರೆಯಲಿ. ಮಾವನಿಗೂ ಮರ್ಯಾದೆ ಉಳಿಯುತ್ತದೆ, ದೊಡ್ಡಮ್ಮನಿಗೆ ಮಡಲಕ್ಕಿ ಇದೆ. ಚೊಂಬು ಚಿಕ್ಕದಿರಲಿ. ದೊಡ್ಡದು ತುಂಬಿದರೆ ಭಾರ, ಕೈ ನಡುಗುತ್ತದೆ.

ಕಾಫಿಹೂವು

ನಡುಗಿ ಚೆಲ್ಲಿದರೂ ಏನೂ ಆಗುವುದಿಲ್ಲ ಎಂದು ಈಗಲೇ ತಂಗಿಗೆ ಹೇಳಿಡಿ. ನನ್ನ ಸೀರೆಯ ಮೇಲೆ ಚೆಲ್ಲಿ ಒಂಬತ್ತು ವರ್ಷವಾಯಿತು, ಚೆನ್ನಾಗಿದ್ದೇವೆ.

ಕೃಷ್ಣಾತೀರ

ಪತ್ರಿಕೆ ಅಚ್ಚಾಯಿತೇ? ಯಾರ ಹೆಸರಿನಲ್ಲಿ ಕರೆಯುತ್ತಿದ್ದೀರಿ?

ಕೊಬ್ಬರಿನಾಡು

ನಾಳೆ ಬೆಳಿಗ್ಗೆ ಅಚ್ಚಿಗೆ ಕೊಡುತ್ತೇನೆ. ಮೊದಲು ಮಾವ ಮತ್ತು ಅತ್ತೆಯ ಹೆಸರಿತ್ತು. ಮಾವನೇ ಪೆನ್ನು ತೆಗೆದುಕೊಂಡು ಬಾಣ ಹಾಕಿ ಅಮ್ಮನ ಹೆಸರನ್ನು ಮೇಲಿನ ಸಾಲಿಗೆ ತಂದರು. 'ಶ್ರೀಮತಿ' ಎಂದು ಮಾತ್ರ ಇದೆ. ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಬಾರಿ ಓದಿದರು, ತಮ್ಮ ಹೆಸರಿನ ಬಗ್ಗೆ ಏನೂ ಹೇಳಲಿಲ್ಲ. ಅಪ್ಪನ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ, ಸರಿಮಾಡಿಸು ಎಂದರು.